ಸ್ಟೇಜಿನ ಹಿಂದಿನ ಚನಬಸು ಕಾಕಾ

ಹಾಡು ಕೇಳಲು ಹೋಗುವಾಗ ಕಿಸೆಯಲ್ಲಿ ಟೆಸ್ಟರ್ ಇಟ್ಟುಕೊಂಡು ಹೋಗುವ ಮನುಷ್ಯನನ್ನು ನಾನು ಕಂಡದ್ದು ಒಬ್ಬರನ್ನೇ. ಚನಬಸು ಕಾಕಾ ಅಂಗಿಯ ಎದೆಯ ಕಿಸೆಗೆ ಪೆನ್ನಿನ ಹಾಗೆ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಕೈಚೀಲದಲ್ಲಿ ಮೀಟರು, ಕರಿ ಟೇಪು, ಒಂದು ಮೊಳ ತಾಮ್ರದ ತಂತಿ. ಕಾರ್ಯಕ್ರಮ ಆರಕ್ಕಿದ್ದರೆ ಅವರು ನಾಲ್ಕಕ್ಕೇ ಸ್ಟೇಜಿನ ಹಿಂದೆ ಹಾಜರು. ಕರೆಂಟಿನ ಬೋರ್ಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಪ್ಲಗ್ಗಿಗೆ ಮೀಟರು ಹಚ್ಚಿ ನೋಡಿ, ಅರ್ಥಿಂಗ್ ತಂತಿ ಜಗ್ಗಿ ನೋಡಿ, ಯಾರಿಗೂ ಏನೂ ಹೇಳದೆ ಎದ್ದು ಬರುತ್ತಿದ್ದರು. ಕಾರ್ಯಕ್ರಮದ ಕಮಿಟಿಯವರು ಅವರನ್ನು ಬ್ಯಾಂಡಿನವರೆಂದು ತಿಳಿದಿದ್ದರು. ಬ್ಯಾಂಡಿನವರು ಕಮಿಟಿಯವರೆಂದು ತಿಳಿದಿದ್ದರು. ಎರಡೂ ಕಡೆಯವರು ಚಹಾ ಕೊಡುತ್ತಿದ್ದರು.

ಇಂಡಿಯಲ್ಲಿ ಸಿಂದಗಿ ರಸ್ತೆಗೆ ಕಾಕಾನ ಮೋಟಾರ್ ರಿವೈಂಡಿಂಗ್ ಅಂಗಡಿ, ಅದಕ್ಕೆ ಅಂಟಿಕೊಂಡೇ ನಮ್ಮ ಮನೆ. ನಿಂಬೆ ತೋಟದವರ ಪಂಪುಗಳು ಬೇಸಿಗೆಯಲ್ಲಿ ಒಂದರ ಹಿಂದೊಂದು ಸುಟ್ಟು ಬರುತ್ತಿದ್ದವು. ಕಾಕಾ ಸುಟ್ಟ ಮೋಟಾರನ್ನು ಮೊದಲು ಮೂಸಿ ನೋಡುತ್ತಿದ್ದರು. "ಇದು ಒಂದು ಫೇಸ್ ಹೋಗಿ ಸುಟ್ಟೈತಿ" ಎಂದೋ, "ಇದು ನೀರ ಇಲ್ಲದ ಓಡೇತಿ, ಇದರ ತಪ್ಪಲ್ಲ, ನಿನ್ನ ತಪ್ಪು" ಎಂದೋ ರೈತನಿಗೆ ಮುಖದ ಮೇಲೆ ಹೇಳುತ್ತಿದ್ದರು. ವಾಸನೆಯಿಂದ ಕಾರಣ ಹೇಳುವುದು ಊಹೆ, ಅದಕ್ಕೆ ಪುರಾವೆ ಎನ್ನುವುದಿಲ್ಲ ಎಂದು ನಾನೊಮ್ಮೆ ವಾದಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ತಯಾರಾಗುತ್ತಿದ್ದ ಕಾಲ ಅದು. ಎದುರಿಗೆ ಯಾರು ಸಿಕ್ಕರೂ ಬಿಡುತ್ತಿರಲಿಲ್ಲ. ಕಾಕಾ ಮೋಟಾರು ಬಿಚ್ಚಿ ತೋರಿಸಿದರು. ಅವರು ಹೇಳಿದ್ದೇ ಸರಿಯಿತ್ತು. "ಒಂದು ಉದಾಹರಣೆಯಿಂದ ನಿಯಮ ಆಗೂದಿಲ್ರಿ" ಎಂದೆ. "ಹಂಗಾರ ನಾಳೆ ಬಾ ವಕೀಲಮ್ಮ, ಇನ್ನ ಒಂಬತ್ತ ಸುಟ್ಟಾವ ಅದಾವ" ಎಂದರು.

ಕಾಕಾ ಬೆನ್ನು ಹತ್ತಿದ್ದ ಬ್ಯಾಂಡಿಗೆ ನಮ್ಮ ಕಡೆಯ ಕರಿ ಮಣ್ಣಿನ ಹೆಸರು, 'ಎರಿಮಣ್ಣು'. ಆಗ್ಗೆ ಮೂವತ್ತು ವರ್ಷದ ಹಿಂದೆ ಬಸವನ ಬಾಗೇವಾಡಿಯ ನಾಲ್ವರು ಹುಡುಗರು ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆಂದು ಕಟ್ಟಿದ್ದು. ಕರೆಂಟಿನ ಗಿಟಾರು, ಡ್ರಮ್ಮು, ಕೀಬೋರ್ಡು, ಜೊತೆಗೆ ನಮ್ಮ ಚರ್ಮದ ಹಲಗಿ. ಸಿನಿಮಾ ಹಾಡು ಹಾಡುವುದಿಲ್ಲ ಎಂಬುದು ಅವರ ಹಟ. ಜೋಳ ಕೊಯ್ಯುವವರ ಬೆನ್ನುನೋವು, ತಂಗಡಗಿಯಲ್ಲಿ ಕೃಷ್ಣೆ ತುಂಬಿ ಬಂದಾಗ ದಂಡೆಯಲ್ಲೇ ನಿಂತುಹೋದ ಮದುವೆ ದಿಬ್ಬಣ, ಇಂಥವುಗಳ ಮೇಲೆ ತಾವೇ ಹಾಡು ಕಟ್ಟಿ ಗಂಟಲು ಹರಿಯುವಂತೆ ಹಾಡುತ್ತಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕು ಹಾಡು ನಿಜವಾಗಿ ಒಳ್ಳೆಯವು, ಉಳಿದವು ಗದ್ದಲ. ಇದನ್ನು ಕಾಕಾನಿಗೂ ಹೇಳಿದ್ದೆ. "ನಾಲ್ಕರೆ ಒಪ್ಪಿದೆಲ್ಲ" ಎಂದು ಸಮಾಧಾನಪಟ್ಟಿದ್ದರು.

ಆ ಹೊತ್ತಿಗೆ ಮೊದಲಿನ ನಾಲ್ವರಲ್ಲಿ ಉಳಿದಿದ್ದವನು ಗಿಟಾರು ಹಿಡಿದು ಹಾಡುವ ಸಿದ್ದಣ್ಣ ಒಬ್ಬನೇ. ಮಿಕ್ಕವರು ಹೊಸಬರು. "ಮತ್ತ ಅದೇ ಬ್ಯಾಂಡ್ ಅಂತ ಹೆಂಗ ಹೇಳ್ತೀರಿ?" ಎಂದು ಒಂದು ಮಧ್ಯಾಹ್ನ ಹಿಡಿದುಕೊಂಡೆ. ಕಾಕಾ ತಂತಿ ಸುತ್ತುವುದನ್ನು ನಿಲ್ಲಿಸದೆಯೇ ಉತ್ತರಿಸಿದರು: "ಈ ಮೋಟರಿಗೆ ವೈಂಡಿಂಗ್ ನಂದು, ಬೇರಿಂಗ್ ಹೊಸಾದು, ಶಾಫ್ಟ್ ಬದಲಿ ಮಾಡೇನಿ. ರೈತ ಬಂದು ಇದು ನನ್ನ ಮೋಟರಲ್ಲ ಅಂತಾನೇನ?"

"ಅಂವಗ ನೀರ ಬಂದ್ರ ಸಾಕು, ಅದಕ್ಕ ಅನ್ನೂದಿಲ್ಲ."

"ನನಗೂ ಅಷ್ಟ ಅಲ್ಲೇನವಾ" ಎಂದರು ಕಾಕಾ. ಇದು ವಾದವಲ್ಲ, ಜಾರಿಕೊಳ್ಳುವುದು ಎಂದು ನನಗೆ ಗೊತ್ತಿತ್ತು.

ಅವರ ಜೊತೆ ಇನ್ನಿಬ್ಬರಿದ್ದರು. ಒಬ್ಬರು ಮುದ್ದೇಬಿಹಾಳದ ಟೇಲರ್ ಈರಣ್ಣ, ಇನ್ನೊಬ್ಬರು ಸಿಂದಗಿಯ ಕನ್ನಡ ಸಾಲಿಯಲ್ಲಿ ಕಲಿಸುವ ನೀಲಮ್ಮ ಅಕ್ಕೋರು. ಯಾವುದೋ ಗಣಪತಿ ಪೆಂಡಾಲಿನಲ್ಲಿ ಒಂದೇ ಹಾಡಿಗೆ ಮೂವರೇ ಎದ್ದು ನಿಂತಿದ್ದರಂತೆ, ಅಲ್ಲಿಂದ ಗೆಳೆತನ. ಈರಣ್ಣ ಒಂದೇ ತಾನಿನ ಕರಿ ಅರಿವೆಯಲ್ಲಿ ತನಗೂ ಕಾಕಾನಿಗೂ ಅಂಗಿ, ಅಕ್ಕೋರಿಗೆ ಕುಪ್ಪಸ ಹೊಲಿದಿದ್ದರು. ನಾಲ್ಕೈದು ವರ್ಷಕ್ಕೊಮ್ಮೆ ಮೂರನ್ನೂ ಇಸಿದುಕೊಂಡು ಮಗ್ಗುಲು ಬಿಚ್ಚಿ ಅಗಲ ಮಾಡುತ್ತಿದ್ದರು. "ಇನ್ನ ಒಳಗ ಅರಿವಿ ಉಳಿದಿಲ್ಲ, ಇನ್ನರೆ ಉಣ್ಣೂದ ಕಡಿಮಿ ಮಾಡ್ರಿ" ಎಂದು ಈರಣ್ಣ ಬೈದರೆ, ಅಕ್ಕೋರು "ಮೊದಲ ನಿನ್ನ ಗುಂಡಿ ಹಾಕ್ಕೊಂಡ ತೋರ್ಸು" ಎನ್ನುತ್ತಿದ್ದರು. ಐವತ್ತು ದಾಟಿದ ಮೂವರು ಅಷ್ಟು ಸಂತೋಷವಾಗಿ ಜಗಳಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನು ಅವರ ಜೊತೆ ಹೋದದ್ದು ಒಂದೇ ಸಲ, ಬಸವನ ಬಾಗೇವಾಡಿಗೆ. ಇಂಡಿಯಿಂದ ಕಾಕಾ ಮತ್ತು ನಾನು ಬಸ್ಸು ಹತ್ತಿದೆವು. ಸಿಂದಗಿಯಲ್ಲಿ ಅಕ್ಕೋರು ಹತ್ತಿ, ದೇವರ ಹಿಪ್ಪರಗಿ ದಾಟುವಷ್ಟರಲ್ಲಿ ತಂದಿದ್ದ ಶೇಂಗಾ ಹೋಳಿಗೆ ಮುಗಿಸಿದೆವು. ಬಾಗೇವಾಡಿ ಬಸ್ ಸ್ಟ್ಯಾಂಡಿನ ಎದುರು ಈರಣ್ಣ ಕಾಯುತ್ತಿದ್ದರು. ಆಗಿನ್ನೂ ಮಧ್ಯಾಹ್ನದ ಮೂರು ಗಂಟೆ. ಚಹಾದ ಅಂಗಡಿಯಲ್ಲಿ ಮಿರ್ಚಿ ಭಜಿ ತರಿಸಿಕೊಂಡು ಕೂತೆವು. ಮೂವರೂ ಹಳೆಯ ಕಾರ್ಯಕ್ರಮಗಳ ಲೆಕ್ಕ ತೆಗೆದರು: ಸಿಂದಗಿಯಲ್ಲಿ ಮಳೆ ಬಂದದ್ದು, ಮುದ್ದೇಬಿಹಾಳದಲ್ಲಿ ಡ್ರಮ್ಮಿನವನಿಗೆ ಜ್ವರ ಬಂದು ಹಲಗಿಯವನೇ ಎರಡೂ ಬಾರಿಸಿದ್ದು. ಕೇಳುತ್ತ ಕೇಳುತ್ತ ನನಗೊಂದು ಊರು ಕಾಣೆಯಾಗಿದೆ ಎನ್ನಿಸಿತು.

"ಎಲ್ಲಾ ಊರಿಗೂ ಬಂದಾರ. ಇಂಡಿಗೆ ಯಾಕ ಬಂದಿಲ್ರಿ?" ಎಂದೆ.

ಈರಣ್ಣ ನಕ್ಕರು. "ನಿಮ್ಮ ಕಾಕಾ ಹೇಳಿಲ್ಲೇನ? ಒಮ್ಮಿ ಬಂದಿದ್ರವಾ, ಮೊದಲನೇ ವರ್ಷ. ಸ್ವಿಚ್ ಹಾಕಿದ್ದ ತಡ, ಆಂಪ್ಲಿಫೈಯರ್, ಕೀಬೋರ್ಡ್ ಎಲ್ಲಾ ಢಂ ಅಂದ ಹೊಗಿ ಆತು. ಸಿದ್ದಣ್ಣ ಇನ್ನೂ ಸ್ಟೇಜ್ ಮ್ಯಾಲ ಹೇಳ್ತಾನ, ಇಂಡ್ಯಾಗ ನಾವು ಹಾಡಲಿಲ್ಲ, ನಮ್ಮ ಪೆಟ್ಟಿಗಿ ಹಾಡಿತು ಅಂತ."

"ವೈರಿಂಗ್ ಯಾರು ಮಾಡಿದ್ರು?"

"ಯಾರೋ ಹೊರಗಿನವ" ಎಂದರು ಕಾಕಾ.

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಸ್ಪರ್ಧೆಗಳಲ್ಲಿ ನಮಗೆ ಕಲಿಸಿದ್ದೇ ಇದು: ಎದುರಿನವನು ಎಲ್ಲಿ ಅವಸರ ಮಾಡುತ್ತಾನೋ ಅಲ್ಲಿ ನಿಲ್ಲಬೇಕು. ನಿಂತೆ. "ಕಾಕಾ, ಆ ಕಾಲಕ್ಕ ಇಂಡ್ಯಾಗ ಯಾವ ಪೆಂಡಾಲಿಗೆ ಲೈಟ್ ಬೇಕಾದ್ರೂ ನನ್ನ ಕರೀತಿದ್ರು, ಬ್ಯಾರೆ ಯಾರೂ ಇರಲಿಲ್ಲ ಅಂತ ಹೋದ ತಿಂಗಳ ನೀವ ಹೇಳೀರಿ. ಎರಡರಾಗ ಯಾವದ ಖರೆ?"

ಕಾಕಾ ಕಪ್ಪು ಕೆಳಗಿಟ್ಟರು. ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. ಕಂಡಕ್ಟರನ ಸೀಟಿಯ ನಡುವೆಯೇ ಹೇಳಿದರು.

"ನಾನ ಮಾಡಿದ್ದೆ. ಇಪ್ಪತ್ತೆರಡ ವಯಸ್ಸು. ಹಗಲೆಲ್ಲಾ ಮೋಟರಿಗೆ ಲೈನ್ ಕೊಟ್ಟ ಕೊಟ್ಟ ಕೈಗೆ ಅದ ರೂಢಿ. ಮೋಟರಿಗೆ ನ್ಯೂಟ್ರಲ್ ಎಲ್ಲಿ ಬೇಕು? ಬರೇ ಫೇಸ್ ಹುಡಿಕಿ ಹಚ್ಚೂದು. ಸ್ಟೇಜಿನ ಬೋರ್ಡಿಗೆ ಒಂದು ಫೇಸ್, ಒಂದು ನ್ಯೂಟ್ರಲ್ ಬೇಕು, ನಾ ಅಲ್ಲೂ ಹಂಗ ಎರಡೂ ಫೇಸ್ ಹಚ್ಚಿಬಿಟ್ಟೆ. ಡಬಲ್ ಕರೆಂಟ್ ಹೋತು. ಮಂದಿ ಕರೆಂಟಿನವರಿಗೆ ಬೈದ್ರು. ನಾ ಸುಮ್ನ ನಿಂತೆ."

ಕಾಕಾ ನಾಲ್ಕು ಗಂಟೆಗೇ ಸ್ಟೇಜಿನ ಹಿಂದೆ ಹೋಗಿ ಕೂರುತ್ತಿದ್ದುದು ಯಾಕೆಂದು ಕೇಳುತ್ತಿದ್ದ ನಮ್ಮ ಮೂವರಿಗೂ ಒಂದೇ ಸಲಕ್ಕೆ ತಿಳಿಯಿತು. ಈರಣ್ಣನ ಮುಖ ಕೆಂಪಾಯಿತು. "ನಾ ಎರಡ ಸಲ ಇಂಡಿ ಕಮಿಟಿಯವರನ್ನ ಒಪ್ಪಿಸಿದ್ದೆ. ಎರಡೂ ಸಲ ನೀ ಹೋಗಿ ಬಿಡಿಸಿದಿ. ಒಮ್ಮಿ ಜಾಗಾ ಸರಿ ಇಲ್ಲ ಅಂದಿ, ಒಮ್ಮಿ ಹುಡುಗರ ಪರೀಕ್ಷಾ ಅದಾವ ಅಂದಿ. ಇದಕ್ಕೇನ?"

"ಅಂಜಿಕಿ ಬಂತೋ ಈರ್ಯಾ. ನಮ್ಮೂರ ಸ್ಟೇಜ್ ಮ್ಯಾಲ ನಿಂತು ಅಂವಾ ಮತ್ತ ಆ ಮಾತ ತೆಗದ್ರ, ಮಂದಿಯೆಲ್ಲಾ ನನ್ನ ಕಡೆ ತಿರುಗಿ ನೋಡ್ತಾರ. ವೈರಿಂಗ್ ನಂದು ಅಂತ ಗೊತ್ತಿದ್ದವರು ಒಬ್ಬಿಬ್ಬರು ಇನ್ನೂ ಅದಾರ."

ನಾನು ಗೆದ್ದಿದ್ದೆ. ನೀಲಮ್ಮ ಅಕ್ಕೋರು ನನ್ನ ಕಡೆ ತಿರುಗಿದರು. ಸಾಲಿಯಲ್ಲಿ ಬಡಿಗೆ ಹಿಡಿಯದೆಯೂ ಹುಡುಗರನ್ನು ಕೂಡಿಸುವ ದನಿ ಅವರದು. "ಗೆದ್ದಿ ಬಿಡವಾ. ಈಗ ಬಹುಮಾನ ಯಾರ ಕೊಡಬೇಕು, ಹೇಳು."

ಹೇಳಬಾರದ್ದನ್ನೇ ಹೇಳಿದೆ. "ಕಾಕಾ, ಸಿದ್ದಣ್ಣ ಇಲ್ಲೇ ಅದಾರ. ಹೋಗಿ ಹೇಳಿಬಿಡ್ರಿ."

"ಹೇಳತೇನಿ. ಅಂವಾ ಇನ್ನ ನಮ್ಮ ಸ್ಟೇಜಿನ ಕಡೆ ಬರಬ್ಯಾಡ ಅಂದ್ರ?" ಕಾಕಾ ಕೋಪದಿಂದ ಕೇಳಲಿಲ್ಲ, ಲೆಕ್ಕ ಕೇಳುವವರಂತೆ ಕೇಳಿದರು. "ಮೂವತ್ತ ವರ್ಷ ಇದೊಂದ ಮಾಡೇನವಾ ನಾನು, ಮೋಟರ ಬಿಟ್ಟರ. ಇದನ್ನ ಕಳಕೊಂಡ ಮನ್ಯಾಗ ಕುಂತು ಏನ ಮಾಡಲಿ?"

ಕಾಕಾ ನನ್ನ ಉತ್ತರಕ್ಕೆ ಕಾಯಲಿಲ್ಲ. ಎದ್ದು ಅಂಗಿಯ ಮುಂದೆ ಉದುರಿದ್ದ ಮಿರ್ಚಿ ಚೂರು ಜಾಡಿಸಿಕೊಂಡು ನಡೆದರು, ನಾನು ಬೆನ್ನು ಹತ್ತಿದೆ.

ಬ್ಯಾಂಡಿನವರಿಗೆ ಸಾಲಿಯ ಒಂದು ಕೋಣೆ ಕೊಟ್ಟಿದ್ದರು. ಸಿದ್ದಣ್ಣ ಮಕ್ಕಳ ಬೆಂಚಿನ ಮೇಲೆ ಕಾಲು ನೀಡಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ತಲೆ ನರೆತಿತ್ತು, ಕಣ್ಣಿಗೆ ಚಾಳೀಸು. ಸ್ಟೇಜಿನ ಮೇಲೆ ಕುಣಿಯುವ ಮನುಷ್ಯ ಇವನೇನಾ ಅನ್ನಿಸಿತು. "ಬರ್ರಿ ಬರ್ರಿ, ಚಹಾ ಕಳಸ್ರಿ ಅಂತ ಕಮಿಟಿಯವರಿಗೆ ಹೇಳಬೇಕಂತ ಮಾಡಿದ್ದೆ, ನೀವ ಬಂದ್ರಿ" ಎಂದ.

"ನಾ ಕಮಿಟಿಯವನಲ್ರಿ."

"ಅಲ್ಲ? ಮತ್ತ ಎಲ್ಲಾ ಊರಾಗೂ ನೀವ ಇರ್ತೀರಲ್ರಿ!" ಸಿದ್ದಣ್ಣ ಚಾಳೀಸು ಸರಿಮಾಡಿಕೊಂಡ.

ಕಾಕಾ ನಿಂತೇ ಹೇಳಿದರು. ಅಂಗಡಿಯಲ್ಲಿ ರೈತನಿಗೆ ಮೋಟಾರಿನ ತಪ್ಪು ಹೇಳುವ ರೀತಿಯಲ್ಲೇ, ಬಿಡಿಬಿಡಿಯಾಗಿ: ಎರಡು ಫೇಸು, ಮೀಟರು ಹಚ್ಚಿ ನೋಡಲಿಲ್ಲ, ಆಮೇಲೆ ಬಾಯಿ ಬಿಡಲಿಲ್ಲ. ಕ್ಷಮಿಸಿ ಎಂಬ ಮಾತು ಎಲ್ಲೂ ಬರಲಿಲ್ಲ.

ಸಿದ್ದಣ್ಣ ಎಣ್ಣೆಯ ಕೈ ಒರೆಸಿಕೊಂಡ. ನಗಲಿಲ್ಲ. "ಅವತ್ತಿನಿಂದ ಹನ್ನೊಂದ ತಿಂಗಳ ಬ್ಯಾಂಡ್ ಬಂದ್ ಇತ್ತು. ಗೊತ್ತೈತೇನ್ರಿ ನಿಮಗ?"

"ಗೊತ್ತೈತ್ರಿ. ಎಣಿಸೇನಿ."

"ಕೀಬೋರ್ಡಿನ ಹುಡುಗ ಆಮ್ಯಾಲ ಬರಲೇ ಇಲ್ಲ."

"ಅದೂ ಗೊತ್ತೈತ್ರಿ."

ಹೊರಗೆ ಯಾರೋ ಮೈಕಿನಲ್ಲಿ ಹಲೋ ಹಲೋ ಅನ್ನುತ್ತಿದ್ದರು. ಸಿದ್ದಣ್ಣ ಕಾಕಾನ ಮುಖ ನೋಡಿದ, ಎದೆಯ ಕಿಸೆ ನೋಡಿದ. ಆಮೇಲೆ ಕೇಳಿದ: "ಇವತ್ತಿನ ಬೋರ್ಡ್ ನೋಡೀರೇನ?"

"ಇನ್ನೂ ಇಲ್ರಿ. ಮೊದಲ ಇಲ್ಲಿಗೆ ಬಂದೆ."

"ಹಂಗಾರ ಹೋಗಿ ನೋಡ್ರಿ. ನಂಗ ಅರಿವಿ ಬದಲಿ ಮಾಡೂದೈತಿ."

ಇದು ಕ್ಷಮೆಯೋ ಅಲ್ಲವೋ ಎಂದು ನಾನು ಇವತ್ತೂ ನಿರ್ಧರಿಸಿಲ್ಲ. ಕಾಕಾನಿಗೆ ಅದರ ಗೊಡವೆಯೇ ಇರಲಿಲ್ಲ; ಅವರಾಗಲೇ ಬಾಗಿಲು ದಾಟಿದ್ದರು. ನಾನು ಸಿದ್ದಣ್ಣನಿಗೆ ಕೇಳಿದೆ, "ಮತ್ತ ಇಂಡಿಗೆ ಯಾಕ ಬರಲಿಲ್ರಿ? ಆ ಸಿಟ್ಟಿಗೇನ?"

"ಸಿಟ್ಟು ಎರಡ ವರ್ಷಕ್ಕ ಹೋತವಾ. ಇಂಡ್ಯಾವರು ಯಾರೂ ಕರೀಲೇ ಇಲ್ಲಲ್ಲ" ಎಂದ.

ಮುಂದಿನ ಕೆಲಸ ಈರಣ್ಣನದು. ಆ ಸಂಜೆ ಕಾಕಾನ ಜೊತೆ ಒಂದು ಮಾತೂ ಆಡದೆ ಮುದ್ದೇಬಿಹಾಳದ ಬಸ್ಸು ಹತ್ತಿದ ಮನುಷ್ಯ, ಎಂಟು ದಿನಕ್ಕೆ ಇಂಡಿಗೆ ಬಂದು ಇಳಿದರು. ಕಾಕಾನ ಅಂಗಡಿಯ ಕಟ್ಟೆಯ ಮೇಲೆ ಕೂತು, "ಈ ಸಲ ಪರೀಕ್ಷಾ ಗಿರೀಕ್ಷಾ ಅಂದಿ ಅಂದ್ರ ನಿನ್ನ ಅಂಗಿ ಕಾಲರ್ ಹರಿತೇನಿ, ಹೊಲಿದವನೂ ನಾನ" ಎಂದರು. ಇಬ್ಬರೂ ಕೂಡಿ ಕಮಿಟಿಯವರ ಮನೆಗೆ ಹೋದರು. ಸುಗ್ಗಿಗೆ ಮುಂಚೆ ಇಂಡಿಯ ಕಾಲೇಜು ಮೈದಾನದಲ್ಲಿ ಎರಿಮಣ್ಣು ಹಾಡುವುದೆಂದು ಗಟ್ಟಿಯಾಯಿತು. ವೈರಿಂಗ್ ಕಾಕಾನೇ ಮಾಡಿದರು, ಎರಡು ದಿನ ಹಿಡಿದು.

ಅದಾದ ಏಳು ತಿಂಗಳಿಗೆ ಕಾಕಾ ಅಂಗಡಿಯಲ್ಲೇ ಎದೆನೋವು ಬಂದು ತೀರಿಕೊಂಡರು. ನಾನಾಗ ವಕಾಲತ್ತಿಗೆಂದು ಕಲಬುರಗಿ ಸೇರಿದ್ದೆ, ಮಣ್ಣು ಮಾಡುವ ಹೊತ್ತಿಗೆ ಬಂದು ಮುಟ್ಟಲಾಗಲಿಲ್ಲ. ಹಾಗಾಗಿ ನಾನು ಕಡೆಯದಾಗಿ ಕಂಡ ಕಾಕಾ ಅಂದರೆ ಆ ಕಾಲೇಜು ಮೈದಾನದವರು.

ಅಂದು ಅವರು ಸ್ಟೇಜಿನ ಹಿಂದೆ ನಿಲ್ಲಲಿಲ್ಲ. ಹೆಂಡತಿ ಶಾಂತಕ್ಕ ಕಾಕುವನ್ನು ಕರೆದುಕೊಂಡು ಬಂದು ಎರಡನೇ ಸಾಲಿನ ಕುರ್ಚಿಯಲ್ಲಿ ಕೂತರು. ಗಂಡ ಮೂವತ್ತು ವರ್ಷ ಊರೂರು ಅಲೆದ ಈ ಹಾಡುಗಳನ್ನು ಕಾಕು ಕೇಳುತ್ತಿದ್ದುದು ಅದೇ ಮೊದಲು. ಸಿದ್ದಣ್ಣ ತಂಗಡಗಿಯ ದಿಬ್ಬಣದ ಹಾಡು ಎತ್ತಿಕೊಂಡ, ನಾನು ಒಳ್ಳೆಯದೆಂದು ಒಪ್ಪಿದ ನಾಲ್ಕರಲ್ಲಿ ಒಂದು. ಈರಣ್ಣ, ಅಕ್ಕೋರು ಎದ್ದು ನಿಂತಿದ್ದರು. ಕಾಕಾ ಹಾಡಿನ ಕಡೆ ನೋಡುತ್ತಲೇ ಇರಲಿಲ್ಲ, ಕಾಕುವಿನ ಮುಖವನ್ನೇ ನೋಡುತ್ತಿದ್ದರು. ಕಡೆಗೆ ತಾಳಲಾರದೆ ಕೇಳಿದರು.

"ಹೆಂಗೈತಿ?"

ಕಾಕು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು. "ಹಾಡು ಛಲೋ ಐತ್ರಿ. ಸೌಂಡ್ ಭಾಳ ಆತು, ಎದಿ ನಡಗಾಕತ್ತೈತಿ."

ಕಾಕಾ ಎದ್ದರು. ಹಾಡಿನ ನಡುವೆ, ಅಷ್ಟು ಮಂದಿ ತಿರುಗಿ ನೋಡುತ್ತಿದ್ದಂತೆ, ಕೈ ಮೇಲೆತ್ತಿಕೊಂಡು ಸ್ಟೇಜಿನ ಕಡೆ ನಡೆದರು. "ಏ, ಏನ ಮಾಡಾಕತ್ತಾನ ಇಂವಾ!" ಎಂದು ಈರಣ್ಣ ಬಾಯಿ ಬಿಟ್ಟರು. ಕಾಕಾ ಮೂವತ್ತು ವರ್ಷದಲ್ಲಿ ಒಮ್ಮೆಯೂ ಈ ಹಾಡು ಹಾಡ್ರಿ ಎಂದು ಕೂಡ ಕೇಳಿದವರಲ್ಲ. ಸಿದ್ದಣ್ಣ ಗಿಟಾರು ಬಾರಿಸುತ್ತಲೇ ನೋಯುವ ಮೊಣಕಾಲು ಮಡಚಿ ಸ್ಟೇಜಿನ ಅಂಚಿಗೆ ಬಗ್ಗಿದ. ಕಾಕಾ ಅವನ ಕಿವಿಯಲ್ಲಿ ಏನೋ ಹೇಳಿ ಎರಡನೇ ಸಾಲಿನ ಕಡೆ ಬೆರಳು ತೋರಿಸಿದರು. ಸಿದ್ದಣ್ಣ ಕಾಕುವನ್ನು ನೋಡಿ, ತಲೆ ಬಾಗಿಸಿ, ಸೌಂಡಿನವನಿಗೆ ಕೈಸನ್ನೆ ಮಾಡಿದ.

ಮೈದಾನದ ತುಂಬ ಗಿಟಾರು ಮೆತ್ತಗಾಯಿತು. ದೂರದಲ್ಲಿ ಮಕ್ಕಳು ಮಾತಾಡುವುದೂ ಕೇಳಿಸತೊಡಗಿತು. ಕಾಕಾ ತಿರುಗಿ ಬಂದು ಕುರ್ಚಿಯಲ್ಲಿ ಕೂತರು.

"ಈಗ?"

ಕಾಕು ಸೆರಗು ಕೆಳಗಿಳಿಸಿದರು. "ಹ್ಞಾಂ, ಈಗ ಅಡ್ಡಿಯಿಲ್ಲ" ಎಂದರು.