ಹ್ಯಾಂಡಲ್‌ಗೆ ಕಟ್ಟಿದ ಹುರಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾಳಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದೆ. ಅಣ್ಣ ಜಗಳೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವನ ಸ್ಟಾರ್ಟರ್‌ಗಾಗಿ ನಾನು ಬಸ್ಸಿನಲ್ಲಿ ಕುಲುಕಾಡಿದಷ್ಟು ನೆಂಟರ ಮದುವೆಗೂ ಓಡಾಡಲಿಲ್ಲ.

ಆ ಕಾಲದ ಸ್ಟಾರ್ಟರ್ ಎಂದರೆ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲೊಂದು ಹ್ಯಾಂಡಲ್. ಅದನ್ನು ಮೇಲೆತ್ತಿದರೆ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಹಿಡಿದುಕೊಳ್ಳುತ್ತದೆ. ಕರೆಂಟು ಡಿಮ್ಮಾದರೆ ಕೈಬಿಡುತ್ತದೆ, ಹ್ಯಾಂಡಲ್ ಬೀಳುತ್ತದೆ, ಮೋಟಾರು ನಿಲ್ಲುತ್ತದೆ. ಕೆಂಪು ಗುಂಡಿ ಒತ್ತಿದರೂ ಅಷ್ಟೇ, ಕಾಯಿಲ್‌ಗೆ ಕರೆಂಟು ತಪ್ಪಿ ಹ್ಯಾಂಡಲ್ ಬೀಳಬೇಕು.

ಅಣ್ಣನ ಗಿರಣಿಗೆ ಬರುತ್ತಿದ್ದ ಕರೆಂಟಿಗೆ ಜೀವವೇ ಇರಲಿಲ್ಲ. ಜೋಳ ಸುರಿಯುವಷ್ಟರಲ್ಲಿ ಹ್ಯಾಂಡಲ್ ದಡಕ್ಕನೆ ಬೀಳುತ್ತಿತ್ತು. ಡಬ್ಬಿ ಇಟ್ಟುಕೊಂಡು ಕೂತ ಹೆಂಗಸರು ಗೊಣಗುತ್ತಿದ್ದರು. ಅಣ್ಣ ಹ್ಯಾಂಡಲ್ ಎತ್ತಿ, ಸಣಬಿನ ಹುರಿಯಿಂದ ಮೇಲಿನ ಮೊಳೆಗೆ ಬಿಗಿದುಬಿಟ್ಟ. ಸುತ್ತಲಿನ ಪಂಪ್‌ಸೆಟ್ಟಿನವರೂ ಮಾಡುತ್ತಿದ್ದದ್ದು ಅದನ್ನೇ.

“ಹುರಿ ಬಿಚ್ಚಣ್ಣಾ, ಹಿಂಗೆ ಕಟ್ಟಿದ್ರೆ ಗುಂಡಿ ಒತ್ತಿದ್ರೂ ನಿಲ್ಲಂಗಿಲ್ಲ,” ಎಂದೆ.

“ಬಿಚ್ತೀನಿ. ದಿನಾ ಹ್ಯಾಂಡಲ್ ಹಿಡ್ಕೊಂಡು ನಿಲ್ಲಾಕೆ ನೀನು ಬರ್ತೀಯೇನು?”

ಸಿಟ್ಟು ನೆತ್ತಿಗೇರಿತು. ಹಟಕ್ಕೆ ಬಿದ್ದು ಬೇರೆ ಕಾಯಿಲ್ ಕಟ್ಟಿದೆ. ದಪ್ಪ ತಂತಿ, ಕಡಿಮೆ ಸುತ್ತು. ಡಿಮ್ ಕರೆಂಟಿನಲ್ಲೂ ಅದು ಹಿಡಿದುಕೊಂಡಿತು. ಅಣ್ಣ ಹುರಿ ಬಿಚ್ಚಿದ, ನಾನು ಬೀಗುತ್ತಾ ಊರಿಗೆ ಬಂದೆ. ಆದರೆ ಒಂದು ಬೆಳಿಗ್ಗೆ ಕರೆಂಟು ಪೂರ್ತಿ ಬಂದು, ಕಡಿಮೆ ಸುತ್ತಿನ ಕಾಯಿಲ್ ಕಾದು ಸುಟ್ಟು ಕರಿಕಲಾಯಿತು. ಸುತ್ತು ಹೆಚ್ಚಿಸಿದರೆ ಹಿಡಿಯದು, ಕಡಿಮೆ ಮಾಡಿದರೆ ಉಳಿಯದು. ಆಮೇಲೂ ಕಟ್ಟಿ ಕಟ್ಟಿ ನೋಡಿದೆ, ಯಾವುದೂ ಬಾಳಲಿಲ್ಲ. ಹುರಿ ಮತ್ತೆ ಮೊಳೆಗೇರಿತು.

ಮುಂದಿನದು ಅಣ್ಣನೇ ಅಳುತ್ತಾ ಹೇಳಿದ್ದು. ಅತ್ತಿಗೆ ಪುಲ್ಲಿಯ ಪಕ್ಕ ಚೆಲ್ಲಿದ ಹಿಟ್ಟು ಗುಡಿಸುತ್ತಿದ್ದರಂತೆ. ಬೆಲ್ಟು ಅವರ ಸೆರಗನ್ನು ಎಳೆದುಕೊಂಡಿತು. ಬಿಡಿಸಲು ಹೋದ ಬಲಗೈಯನ್ನೂ ಎಳೆದುಕೊಂಡಿತು. ಅಣ್ಣ ಓಡಿಬಂದು ಕೆಂಪು ಗುಂಡಿ ಒತ್ತಿದ. ಒತ್ತುತ್ತಲೇ ಇದ್ದ. ಹ್ಯಾಂಡಲ್ ಹುರಿಯಲ್ಲಿ ಹಾಗೇ ನಿಂತಿತ್ತು. ಗಂಟು ಬಿಚ್ಚಲು ಬರಲಿಲ್ಲ. ಯಾರೋ ಕುಡುಗೋಲು ತಂದು ಹುರಿ ಕೊಯ್ಯುವ ಹೊತ್ತಿಗೆ ಕೈ ಹೋಗಿತ್ತು.

ಅತ್ತಿಗೆ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಚೀಲದಲ್ಲಿ ಇನ್ನೊಂದು ಕಾಯಿಲ್ ಇತ್ತು. ಅದರ ಮೇಲೆ ನನಗೇ ನಂಬಿಕೆ ಇರಲಿಲ್ಲ. ಗಿರಣಿಯಲ್ಲಿ ಹೆಂಗಸರು ಎಂದಿನಂತೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಅಣ್ಣ ಬಾಗಿಲಾಚೆ ತಲೆ ತಗ್ಗಿಸಿ ಕೂತಿದ್ದ. ಅವತ್ತಿನಿಂದ ಅವನು ಸ್ಟಾರ್ಟರ್ ಮುಟ್ಟಿರಲಿಲ್ಲ, ಗಿರಣಿಯನ್ನು ಅತ್ತಿಗೆಯೇ ನೋಡಿಕೊಳ್ಳುತ್ತಿದ್ದರು.

ನಾನು ನೋಡುತ್ತಿದ್ದ ಹಾಗೇ ಹ್ಯಾಂಡಲ್ ಬಿತ್ತು. ಅತ್ತಿಗೆ ಎದ್ದು ಹೋಗಿ ಅದನ್ನು ಭುಜದಿಂದ ಮೇಲೆ ನೂಕಿ, ಎಡಗೈಯಲ್ಲಿ ಹುರಿ ತೆಗೆದುಕೊಂಡರು.

“ಕಟ್ಟಬ್ಯಾಡ್ರಿ ಅತ್ತಿಗೇ.”

“ಕಟ್ಟದೆ ಹೆಂಗ್ರಿ? ಜನ ಕಾಯ್ತಾ ಐತೆ.”

ಅವರು ಹುರಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಿಂದ ಎಳೆದು ಗಂಟು ಬಿಗಿದರು.