ಡ್ರಮ್ಮಿನವರನ್ನು ಕುರ್ಚಿಯಲ್ಲಿ ಕೂಡಿಸಿದ್ದು

ಆಳಂದದಲ್ಲಿ ನಮ್ಮ ಮನೆಯ ಮುಂದೆ ಒಂದು ಕಟ್ಟೆಯಿತ್ತು. ಜೋಳದ ಚೀಲ ಇಳಿಸಿಕೊಳ್ಳಲೆಂದು ನಮ್ಮಜ್ಜ ಅದನ್ನು ಕಟ್ಟಿಸಿದ್ದನಂತೆ. ಎಂಬತ್ತರ ದಶಕ ಬರುವ ಹೊತ್ತಿಗೆ ಚೀಲಗಳ ಜಾಗದಲ್ಲಿ ನಮ್ಮಣ್ಣ ಮತ್ತು ಅವನ ಗೆಳೆಯರು ಬಂದು ಇಳಿದಿದ್ದರು. ಚೀಲಗಳಾದರೆ ಬಾಯಿ ಹೊಲಿಸಿಕೊಂಡೇ ಬರುತ್ತಿದ್ದವು. ಇವರ ವಿಷಯದಲ್ಲಿ ಆ ಅನುಕೂಲ ಇರಲಿಲ್ಲ.

ವಾದ ಯಾವಾಗಲೂ ಒಂದರದ್ದೇ: ನಮ್ಮೂರಿನ ಆರ್ಕೆಸ್ಟ್ರಾದ್ದು. ನಾನು ಪಾಟಿ ಹಿಡಿದು ಶಾಲೆಗೆ ಹೋಗುವಾಗ ಶುರುವಾಗಿದ್ದ ಆ ಆರ್ಕೆಸ್ಟ್ರಾ ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಾಗಲೂ ನಡೆದೇ ಇತ್ತು. ಗಣಪತಿ ಕೂಡಿಸಿದಲ್ಲಿ, ಸಾಹುಕಾರರ ಮನೆಯ ಲಗ್ನದಲ್ಲಿ, ಎಲ್ಲಿ ಕರೆದರೂ ಹೋಗಿ ಸಿನಿಮಾ ಹಾಡು ಹಾಡಿ ಬರುತ್ತಿದ್ದರು. ಹಾಡುವವರು ಬದಲಾದರು, ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು, ಮಾಲಕ ಎರಡು ಸಲ ಜಗಳವಾಡಿ ಎರಡು ಸಲ ರಾಜಿಯಾದ. ಬದಲಾಗದೆ ಉಳಿದವರು ಡ್ರಮ್ ಬಾರಿಸುವವರೊಬ್ಬರೇ. ಊರವರೆಲ್ಲ ಅವರನ್ನು ಡ್ರಮ್ಮಿನವರು ಎನ್ನುತ್ತಿದ್ದರು.

ಕಟ್ಟೆಯ ಮೇಲೆ ಮುಖ್ಯ ವಿದ್ವಾಂಸರು ಮೂವರು. ಆಳಂದದ ಪರವಾಗಿ ನಮ್ಮಣ್ಣ. ಅಫಜಲಪುರದ ಪರವಾಗಿ ಅಲ್ಲಿನ ಅರಿವೆ ಅಂಗಡಿಯವರು. ಹೆಂಡತಿಯ ತವರು ಆಳಂದ ಎಂಬ ಒಂದೇ ನೆಪದ ಮೇಲೆ ವಾರವಾರ ಬಂದು ಮಾವನ ಮನೆಗೆ ಹೋಗದೆ ನಮ್ಮ ಕಟ್ಟೆಗೇ ಬರುತ್ತಿದ್ದರು. ಜೇವರ್ಗಿಯ ಪರವಾಗಿ ನಮ್ಮೂರಿಗೆ ವರ್ಗವಾಗಿ ಬಂದಿದ್ದ ಒಬ್ಬ ಮಾಸ್ತರರು. ಕೀಬೋರ್ಡ್ ಬಂದ ದಿನವೇ ಆರ್ಕೆಸ್ಟ್ರಾ ಸತ್ತುಹೋಯಿತು ಎಂಬುದು ಮಾಸ್ತರರ ಮತ. ಕೀಬೋರ್ಡ್ ಬಂದ ಮೇಲೆಯೇ ಅದು ಹುಟ್ಟಿತು ಎಂಬುದು ಅಂಗಡಿಯವರ ಮತ. ಡ್ರಮ್ಮಿನವರು ಇರುವ ತನಕ ಉಳಿದವರು ಹುಟ್ಟಿದರೇನು, ಸತ್ತರೇನು ಎಂದು ನಮ್ಮಣ್ಣ. ಯಾವ ವರ್ಷದ ಗಣಪತಿಯಲ್ಲಿ ಅವರು ಯಾವ ಹಾಡಿಗೆ ಎಂಥ ಪೆಟ್ಟು ಹಾಕಿದರು ಎನ್ನುವುದರ ಮೇಲೆ ಮೂವರೂ ಗಂಟಲು ಹರಿದುಕೊಳ್ಳುತ್ತಿದ್ದರು. ಚಹಾ ಮಾತ್ರ ನಮ್ಮದು. ಮಾಡಿ ಕೊಟ್ಟು ಕಪ್ಪು ತೊಳೆಯುವವಳು ನಾನು.

ನಾನು ಆ ಡ್ರಮ್ಮನ್ನು ನೆಟ್ಟಗೆ ಕೇಳಿದವಳಲ್ಲ. ಆರ್ಕೆಸ್ಟ್ರಾ ಶುರುವಾಗುವುದೇ ರಾತ್ರಿ ಊಟದ ಮೇಲೆ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಅಂಥಲ್ಲಿಗೆ ಹೋಗುವಂತಿರಲಿಲ್ಲ. ಮರ್ಯಾದಸ್ಥರ ಮನೆಯ ಗಂಡುಮಕ್ಕಳು ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬಂದರೂ ನಡೆಯುತ್ತಿತ್ತು, ಅವರ ಮರ್ಯಾದೆ ಗಟ್ಟಿ ಮಾಲು. ಮಾಳಿಗೆ ಹತ್ತಿ ನಿಂತರೆ ಗಾಳಿ ಇತ್ತ ಬೀಸಿದಾಗ ಹಾಡಿನ ಅರ್ಧ ಸಾಲು ಕೇಳಿಸುತ್ತಿತ್ತು, ಅಷ್ಟೇ. ಹೀಗೆ ಕಿವಿಯಿಂದ ಕೇಳದ ಡ್ರಮ್ಮಿನ ಬಗ್ಗೆ ಕಿವಿ ತೂತು ಬೀಳುವಷ್ಟು ಕೇಳಿ ನಾನು ಬೆಳೆದೆ.

ಇನ್ನು ಡ್ರಮ್ಮಿನವರ ಬಗ್ಗೆ. ಹತ್ತಿರದ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವರು. ಹಗಲೆಲ್ಲ ಆಳಂದದ ಬೇಳೆ ಮಿಲ್ಲಿನಲ್ಲಿ ಫಿಟ್ಟರ್ ಕೆಲಸ. ಮಿಲ್ಲು ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಆದರೂ ಅಭಿಮಾನಿಗಳಲ್ಲಿ ಒಬ್ಬರೂ ಅಲ್ಲಿಗೆ ಹೋಗಿ ಅವರನ್ನೇ ಏನೂ ಕೇಳಲಿಲ್ಲ. ಕೇಳಿಬಿಟ್ಟರೆ ಮರುದಿನ ಕಟ್ಟೆಯ ಮೇಲೆ ಮಾಡುವುದೇನು? ಹೈದರಾಬಾದಿನಲ್ಲಿ ಯಾರೋ ಉಸ್ತಾದರ ಕೈಯಲ್ಲಿ ಕಲಿತರು ಎಂದು ಒಬ್ಬರು, ಮಿಲ್ಲಿನ ಪಟ್ಟಾ ತಿರುಗುವ ಸಪ್ಪಳ ಕೇಳಿ ತಾವೇ ಕಲಿತರು ಎಂದು ಇನ್ನೊಬ್ಬರು. ಸೋಲಾಪುರದಲ್ಲಿ ಸಿನಿಮಾದವರು ಕಾಲಿಗೆ ಬಿದ್ದು ಕರೆದರೂ ಹೋಗಲಿಲ್ಲ ಎಂದು ನಮ್ಮಣ್ಣ. ಅದನ್ನು ಅವನು ಒಂದು ಮಳೆಗಾಲದಲ್ಲಿ ನಮ್ಮ ಪಡಸಾಲೆಯಲ್ಲಿ ಮಲಗಿಕೊಂಡು ಹುಟ್ಟಿಸಿದ್ದು ನನಗೆ ಗೊತ್ತು. ಮರುವರ್ಷ ಅದನ್ನೇ ಅಫಜಲಪುರದವರು ಅವನಿಗೆ ತಿರುಗಿ ಹೇಳಿದಾಗ ಕಣ್ಣರಳಿಸಿ ಕೇಳಿದ.

ಆ ಮನುಷ್ಯನಿಗೆ ಮಾತೇ ಬೇಡ. ಕಾರ್ಯಕ್ರಮ ಮುಗಿದರೆ ಎರಡು ಕಡ್ಡಿಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸೈಕಲ್ಲು ಹತ್ತಿ ಊರಿಗೆ ಹೊರಟುಬಿಡುತ್ತಿದ್ದರಂತೆ. ಫೋಟೋಕ್ಕೆ ನಿಲ್ಲುತ್ತಿರಲಿಲ್ಲ. ಯಾರಾದರೂ ಅಡ್ಡಗಟ್ಟಿ ಹೊಗಳಿದರೆ 'ಆತ್ರಿ' ಎನ್ನುವುದು, ಮುಂದೆ ನಡೆಯುವುದು. ಆ ಒಂದು ಮಾತಿಗೆ ಕಟ್ಟೆಯ ಮೇಲೆ ಭಾಷ್ಯಗಳೇ ಹುಟ್ಟಿದವು: ಅದರಲ್ಲಿ ವೈರಾಗ್ಯವಿದೆ ಎಂದರು ಮಾಸ್ತರರು, ಸೊಕ್ಕಿದೆ ಎಂದರು ಅಂಗಡಿಯವರು, ಒಳಗೇನೋ ನೋವಿದೆ ಎಂದು ನಮ್ಮಣ್ಣ ನಿಟ್ಟುಸಿರು ಬಿಟ್ಟ. ನಮ್ಮವ್ವ ಒಳಗಿನಿಂದಲೇ, ಹಗಲೆಲ್ಲ ದುಡಿದು ರಾತ್ರಿಯೆಲ್ಲ ಬಾರಿಸಿದವನಿಗೆ ನಿದ್ದೆ ಬಂದಿರುತ್ತದೆ, ಬಿಟ್ಟುಬಿಡಿರಿ ಎಂದಳು. ಸಂಗೀತ ತಿಳಿಯದವರ ಮಾತೆಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ಬೇಸಿಗೆ ಮೂರೂ ಊರಿನವರು ಕೂಡಿ ಡ್ರಮ್ಮಿನವರಿಗೆ ಸನ್ಮಾನ ಮಾಡಬೇಕೆಂದು ಠರಾಯಿಸಿದರು. ನಮ್ಮ ಕಡೆ ಒಬ್ಬ ಮನುಷ್ಯನ ಮೇಲೆ ಪ್ರೀತಿ ಉಕ್ಕಿದರೆ ಮೊದಲು ನೆನಪಾಗುವುದು ಶಾಲು. ಮಿಲ್ಲಿನಿಂದ ಅವರನ್ನು ಕಟ್ಟೆಗೆ ಕರೆಸಿದರು. ನಾನು ಚಹಾ ತಂದು ಬಾಗಿಲಲ್ಲಿ ನಿಂತಿದ್ದೆ. ಬೇಳೆಯ ಹೊಟ್ಟು ಮೈಮೇಲೆ ಇರುವಾಗಲೇ ಬಂದಿದ್ದರು, ಕೂಡಿರಿ ಎಂದರೂ ಕೂಡಲಿಲ್ಲ. ಸನ್ಮಾನ ಬೇಡವೇ ಬೇಡ ಎಂದರು. ಇವರು ಬಿಡಲಿಲ್ಲ. ಕಡೆಗೆ ಅವರು ನೆಲ ನೋಡುತ್ತ ಒಂದು ಮಾತು ಹೇಳಿದರು. ಅವರು ಅಷ್ಟುದ್ದ ಮಾತಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಹಗಲ ಹೊತ್ತಿನಾಗ ಇಟ್ರ ಬರ್ತೇನ್ರಿ. ನಮ್ಮ ಮನ್ಯಾಗಿನಾಕಿ ಲಗ್ನ ಆದಾಗಿಂದ ಒಮ್ಮಿನೂ ನಾ ಬಾರ್ಸೂದು ಕೇಳಿಲ್ಲ. ಡ್ರಮ್ ಮಾಲಕರ ಮನ್ಯಾಗ ಇರ್ತದ, ಕಾರ್ಯಕ್ರಮ ರಾತ್ರಿ ಇರ್ತದ. ಆಕಿ ಮುಂದ ನಾಕ್ ಹಾಡ ಬಾರ್ಸಬೇಕಂತ ಭಾಳ ಆಸೇದ. ಶಾಲ ಇಲ್ದಿದ್ರೂ ನಡೀತದ್ರಿ."

ಊರೂರಿನವರು ಕೇಳಿ ಹುಚ್ಚಾದದ್ದನ್ನು ಅವರ ಹೆಂಡತಿಯೂ ನನ್ನ ಹಾಗೆ ಕೇಳಿರಲಿಲ್ಲ. ಅಭಿಮಾನಿಗಳಿಗೆ ಅದರಲ್ಲಿ ಕೇಳಿಸಿದ್ದು 'ಬರ್ತೇನ್ರಿ' ಎಂಬುದೊಂದೇ. ಅವರು ಅತ್ತ ಹೋದ ಕೂಡಲೇ ಶಾಲು ಯಾರದು ಎಂಬ ಜಗಳ ಶುರುವಾಯಿತು. ಒಂದೇ ಶಾಲಾದರೆ ಅದು ಯಾವ ಊರಿನದಾಗಬೇಕು? ಮೂರು ದಿನ ಕೂಗಾಡಿ ಮೂರು ಶಾಲು ಎಂದು ಬಗೆಹರಿಸಿದರು. ಅರಿವೆ ಅಂಗಡಿಯವರು ಅಫಜಲಪುರದ ಶಾಲು ಉಣ್ಣೆಯದೇ ಇರತಕ್ಕದ್ದು ಎಂದು ಹಟ ಹಿಡಿದರು. ಕಾಲ ಮಾತ್ರ ಕಡು ಬೇಸಿಗೆ.

ಬೇಳೆ ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿದರು. ಹನ್ನೊಂದಕ್ಕೆ ಎಂದದ್ದು ಎರಡಕ್ಕೆ ಶುರುವಾಯಿತು, ಏಕೆಂದರೆ ಅಧ್ಯಕ್ಷತೆಗೆ ಕರೆದವರಿಗೆ ಊಟದ ಮೇಲೆ ಒಂದು ಗಳಿಗೆ ಮಲಗುವ ರೂಢಿ. ಹೆಣ್ಣುಮಕ್ಕಳಿಗೆ ಬಲಬದಿಯ ಮೂಲೆಯಲ್ಲಿ ಜಮಖಾನೆ ಹಾಸಿದ್ದರು. ಡ್ರಮ್ಮಿನವರ ಹೆಂಡತಿ ಬಂದು ನನ್ನ ಮತ್ತು ಅವ್ವನ ನಡುವೆ ಕೂತರು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲೊಂದು ಚೀಲ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಎಮ್ಮೆ ಹಿಂಡುವವರು ಬೇರೆ ಇಲ್ಲ, ಐದರ ಬಸ್ಸು ತಪ್ಪಿದರೆ ಆಗುವುದಿಲ್ಲ ಎಂದು ಬಂದ ಕೂಡಲೇ ಹೇಳಿದರು. ವೇದಿಕೆಯ ಹಿಂಬದಿಯಲ್ಲಿ ಡ್ರಮ್ಮುಗಳನ್ನು ಜೋಡಿಸಿಟ್ಟಿದ್ದರು. ಅವುಗಳಲ್ಲಿ ತಮ್ಮವರು ಬಾರಿಸುವುದು ಯಾವುದು ಎಂದು ನನ್ನನ್ನು ಕೇಳಿದರು. ಅಷ್ಟೂ ಅವರೇ ಬಾರಿಸುತ್ತಾರೆ, ದೊಡ್ಡದನ್ನು ಕಾಲಿನಿಂದ ಒದೆಯುತ್ತಾರೆ ಎಂದು ಕಟ್ಟೆಯಲ್ಲಿ ಕೇಳಿದ್ದನ್ನೇ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಕಾಲಿನಿಂದಲೂ? ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು.

ಡ್ರಮ್ಮಿನವರನ್ನು ನಡುವಿನ ದೊಡ್ಡ ಕುರ್ಚಿಯಲ್ಲಿ ಕೂಡಿಸಿದರು. ಮೂರು ಶಾಲು ಒಂದರ ಮೇಲೊಂದು ಹೊದಿಸಿದರು, ಮೇಲೆ ಕೊರಳು ಕಾಣದಷ್ಟು ಹಾರ. ಮುಂದೆ ನಮ್ಮವರ ಭಾಷಣ. ಅದಕ್ಕೆ ಭಾಷಣವೆಂಬುದು ಹೆಸರಿಗಷ್ಟೇ, ನಮ್ಮ ಕಟ್ಟೆಯನ್ನೇ ಕಿತ್ತು ತಂದು ಮೈಕಿನ ಮುಂದೆ ಇಟ್ಟಿದ್ದರು. ಮಾಸ್ತರರು ಕೀಬೋರ್ಡಿನಿಂದಾದ ಹಾಳನ್ನು ಹೇಳಿದರು. ಅಂಗಡಿಯವರು ಎದ್ದು ಅದಕ್ಕೆ ಉತ್ತರ ಕೊಟ್ಟರು. ಮಾಸ್ತರರು ಉತ್ತರಕ್ಕೆ ಉತ್ತರ ಕೊಡಲು ಮತ್ತೆ ಎದ್ದರು. ಸನ್ಮಾನಿತರು ಬೆವರಿನಲ್ಲಿ ತೊಯ್ದು ಕೂತಿದ್ದರು, ಅವರ ಕಡೆ ತಿರುಗಿ ನೋಡುವ ಪುರಸೊತ್ತು ಯಾರಿಗೂ ಇರಲಿಲ್ಲ.

ನಡುನಡುವೆ ಜನಕ್ಕೆ ಬೇಸರ ಆಗಬಾರದೆಂದು ಆರ್ಕೆಸ್ಟ್ರಾದವರು ಹಾಡು ಹಾಡಿದರು. ಡ್ರಮ್ಮಿಗೆ ಢೋಲಕ್ ಬಾರಿಸುವವನನ್ನು ಕೂಡಿಸಿದ್ದರು. ಸನ್ಮಾನ ಮಾಡಿಸಿಕೊಳ್ಳುವವರು ಅವತ್ತು ಕೆಲಸ ಮಾಡುವುದು ನಮ್ಮ ಕಡೆ ಅವಮಾನ. ಮದುಮಗನ ಕೈಯಲ್ಲಿ ಯಾರಾದರೂ ನೀರು ಹೊರಿಸುತ್ತಾರೆಯೇ? ಹಾಗೆ ಡ್ರಮ್ ಬಾರಿಸಿದ್ದಕ್ಕೆ ಮರ್ಯಾದೆ ಮಾಡಬೇಕೆಂದು ಮೂರು ತಾಲೂಕಿನವರು ಕೂಡಿ ಡ್ರಮ್ಮಿನವರ ಕೈಯಿಂದ ಡ್ರಮ್ ಕಸಿದುಕೊಂಡಿದ್ದರು. ಹಾಡು ಶುರುವಾದಾಗಲೆಲ್ಲ ಅವರ ಹೆಂಡತಿ ಸೆಟೆದು ಕೂತು ವೇದಿಕೆ ನೋಡುವುದು, ಗಂಡ ಕುರ್ಚಿಯಲ್ಲೇ ಇರುವುದನ್ನು ಕಂಡು ಮತ್ತೆ ಚೀಲ ಹಿಡಿದುಕೊಳ್ಳುವುದು ನಡೆದಿತ್ತು.

ನಾಲ್ಕು ದಾಟಿದ ಮೇಲೆ ಡ್ರಮ್ಮಿನವರು ಪಕ್ಕದಲ್ಲಿ ನಿಂತಿದ್ದ ನಮ್ಮಣ್ಣನ ಕಡೆ ಬಾಗಿ ಏನೋ ಕೇಳಿ ಏಳಲು ಹೋದರು. ಅಣ್ಣ ಅವರ ಭುಜ ಹಿಡಿದು ಒತ್ತಿ ಕೂಡಿಸಿದ. ಆಮೇಲೆ ಮೈಕಿಗೆ ಬಂದು ಗದ್ಗದಿತನಾದ.

"ನೋಡ್ರಿ, ಇಂಥಾ ದಿವಸಾನೂ ಒಂದ ಹಾಡ ಬಾರ್ಸಲೇನು ಅಂತ ಕೇಳಾಕತ್ತಾರ. ದೊಡ್ಡವ್ರ ವಿನಯ ಹಿಂಗಿರ್ತದ. ಇವತ್ತ ನಾವು ಅವ್ರ ಕೈಯಾಗ ಒಂದ ಕಡ್ಡಿನೂ ಹಿಡಸಂಗಿಲ್ಲ."

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎದ್ದು ವೇದಿಕೆಯ ಪಕ್ಕಕ್ಕೆ ಹೋಗಿ ಅಣ್ಣನನ್ನು ಕರೆದೆ. ಅವರ ಮನೆಯವರು ಬಸ್ಸಿಗೆ ಹೊರಡುತ್ತಾರೆ, ಈಗ ಒಂದು ಹಾಡು ಬಾರಿಸಲು ಬಿಡು ಎಂದೆ. ವಂದನಾರ್ಪಣೆ ಆಗಲಿ ಎಂದ. ವಂದನಾರ್ಪಣೆ ಯಾರದು ಎಂದರೆ, ಅವನದೇ. ಹೆಣ್ಣುಮಕ್ಕಳು ವೇದಿಕೆಯ ಹತ್ತಿರ ಬರಬಾರದು, ನಾಲ್ಕು ಜನ ನೋಡುತ್ತಾರೆ ಎಂದು ನನಗೇ ಬುದ್ಧಿ ಹೇಳಿ ಕಳಿಸಿದ.

ಐದಕ್ಕೆ ಇನ್ನು ತುಸು ಹೊತ್ತಿದೆ ಎನ್ನುವಾಗ ಅವರ ಹೆಂಡತಿ ಎದ್ದರು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ದಾರಿಯುದ್ದಕ್ಕೂ ಮೈಕಿನಲ್ಲಿ ನಮ್ಮಣ್ಣನ ದನಿ ಕೇಳುತ್ತಿತ್ತು, ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರೇ ನನಗೆ ಸಮಾಧಾನ ಹೇಳಿದರು. ಇಷ್ಟು ಮಂದಿ ನನ್ನ ಗಂಡನ ಹೆಸರು ಹೇಳಿದ್ದನ್ನು ಕೇಳಿದೆನಲ್ಲ, ಸಾಕು ಎಂದರು. ಸಾಕಾಗಿರಲಿಲ್ಲ. ಬಸ್ಸು ಹತ್ತಿ ಕಿಟಕಿಗೆ ಕೂತ ಮೇಲೆ ಮಿಲ್ಲಿನ ಕಡೆಗೆ ಕಿವಿಯಿಟ್ಟಿದ್ದು ನನಗೆ ಕಾಣುತ್ತಿತ್ತು. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ನಮ್ಮೂರಿನ ಬಸ್ಸು ಹಾಗೆ ಹೊರಡುವುದು ಅಪರೂಪ.

ತಿರುಗಿ ಬರುವಷ್ಟರಲ್ಲಿ ವಂದನಾರ್ಪಣೆ ಮುಗಿದು ಜನರೆಲ್ಲ ಮಿಲ್ಲಿನ ಹಿಂದೆ ಊಟಕ್ಕೆ ನುಗ್ಗಿದ್ದರು. ಮೊದಲ ಪಂಕ್ತಿ ಗಂಡಸರದು. ಹುಗ್ಗಿ ಬಡಿಸುವ ಗದ್ದಲ ಅಲ್ಲಿಂದ ಕೇಳಿಸುತ್ತಿತ್ತು. ಅವ್ವ ಮೂಲೆಯ ಜಮಖಾನೆಯ ಮೇಲೆ ಒಬ್ಬಳೇ ಕೂತಿದ್ದಳು, ನಾನೂ ಹೋಗಿ ಅವಳ ಪಕ್ಕಕ್ಕೆ ಕೂತೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ತಲೆಯ ಮೇಲೆ ಸೆರಗು ಹೊದ್ದುಕೊಂಡಿದ್ದೆ.

ಆಗ ಡ್ರಮ್ಮಿನವರು ಕುರ್ಚಿಯಿಂದ ಎದ್ದರು. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಹಾರ ತೆಗೆದು, ಹಿಂದೆ ಹೋಗಿ ಡ್ರಮ್ಮಿಗೆ ಕೂತರು. ಇಳಿಬಿಸಿಲು ಅವರ ಮುಖಕ್ಕೆ ಹೊಡೆಯುತ್ತಿತ್ತು. ಕೈ ಅಡ್ಡ ಹಿಡಿದು ನಮ್ಮ ಮೂಲೆಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಬಾರಿಸಿದರು. ಹಾಡಿಲ್ಲ, ಕೀಬೋರ್ಡ್ ಇಲ್ಲ. ನಾನು ಇಷ್ಟು ವರ್ಷ ಕಟ್ಟೆಯಲ್ಲಿ ಕೇಳಿದ ಯಾವ ವರ್ಣನೆಗೂ ಅದಕ್ಕೂ ಸಂಬಂಧವಿರಲಿಲ್ಲ. ಒಮ್ಮೆ ಎಷ್ಟು ಮೆಲ್ಲಗೆ ಬಾರಿಸಿದರೆಂದರೆ ಪಕ್ಕದಲ್ಲಿ ಅವ್ವ ಉಸಿರಾಡುವುದು ಕೇಳಿಸಿತು. ಆಮೇಲೆ ಎದೆಗೇ ಬಡಿದ ಹಾಗಾಯಿತು. ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. ಮೂರು ಊರಿನ ಅಭಿಮಾನಿಗಳಲ್ಲಿ ಒಬ್ಬನೂ ಹುಗ್ಗಿ ಬಿಟ್ಟು ಎದ್ದು ಬರಲಿಲ್ಲ.

ಮುಗಿಸಿ ಕೆಳಗಿಳಿದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನೆಟ್ಟಗೆ ನಮ್ಮ ಕಡೆಗೇ ಬಂದರು. ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ಅವತ್ತೇ ಕಂಡದ್ದು. ಹತ್ತಿರ ಬಂದು, ಸೆರಗಿನ ಕೆಳಗೆ ಇರುವವಳು ನಾನು ಎಂದು ಕಂಡ ಮೇಲೆ ಅಲ್ಲೇ ನಿಂತರು.

"ಅಕ್ಕಾರು ಬಸ್ಸಿಗಿ ಹ್ವಾದ್ರು ಅಣ್ಣಾರ" ಎಂದೆ.

ಟವೆಲ್ಲನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಹೋಗಲು ತಿರುಗಿದವರು ನಿಂತು ಅವ್ವನನ್ನು ಕೇಳಿದರು.

"ಉಂಡು ಹೋದ್ಳೇನ್ರಿ ಅವ್ವಾರ?"

"ಎಲ್ಲಿ ಉಂತಾಳೋ ಯಪ್ಪಾ" ಎಂದಳು ಅವ್ವ. "ನಿನ್ನ ಅಭಿಮಾನಿಗೋಳ ಪಂಕ್ತಿ ಇನ್ನಾ ಎದ್ದಿಲ್ಲ."