ಸೂಟ್‌ಕೇಸಿನ ತಳದಲ್ಲಿ ಹೋದ ನನ್ನ ಸೀರೆಗಳು

ಕಳೆದ ವರ್ಷದ ಬೇಸಿಗೆಯ ಮಾತು. ಧಾರವಾಡದಿಂದ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿರುವ ಮಗ ಪ್ರಶಾಂತನ ಮನೆಗೆ ಬಂದಿದ್ದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ ಎಂಬ ಜಂಬ ಬೇರೆ. ಆ ಜಂಬ ಇಳಿದದ್ದು ಹೇಗೆಂದು ಹೇಳುತ್ತೇನೆ.

ಮಕ್ಕಳ ಶಾಲೆಗೆ ರಜೆ ಹತ್ತಿರ ಬಂದಂತೆ, ವೇಲ್ಸ್‌ನ ಸಮುದ್ರ ದಂಡೆಯಲ್ಲಿರುವ ಲಾಂಡಿಡ್ನೋ ಎಂಬ ಹಳೆಯ ಊರಿಗೆ ಹೋಗುವ ಮಾತು ಶುರುವಾಯಿತು. ದಿನಾ ಊಟವಾದ ಮೇಲೆ ಎಲ್ಲರೂ ಲ್ಯಾಪ್‌ಟಾಪ್ ಸುತ್ತ ಕೂಡುತ್ತಿದ್ದೆವು. ಸಮುದ್ರದೊಳಗೆ ಚಾಚಿದ ಉದ್ದನೆಯ ಕಟ್ಟೆ, ಗುಡ್ಡ ಹತ್ತುವ ಟ್ರಾಮ್, ದಂಡೆಯ ಗುಂಟ ಸಾಲಾಗಿ ನಿಂತ ಬಿಳಿ ಹೋಟೆಲುಗಳು, ಎಲ್ಲ ನೋಡಿದ್ದಾಯಿತು. ಯಾವ ಹೋಟೆಲು ಎಂದು ಮೊಮ್ಮಕ್ಕಳಿಬ್ಬರೂ ಇಂಗ್ಲಿಷಿನಲ್ಲಿ ಜಗಳವಾಡಿದರು. ಪ್ರಶಾಂತ ನನ್ನನ್ನೂ ಕೇಳಿದ, “ಅವ್ವಾ, ಇದ್ರಾಗ ಯಾವ ಖೋಲಿ ಚಲೋ ಅದ?”

“ಸಮುದ್ರ ಕಾಣೂದು ತಗೋ. ಮ್ಯಾಲಿನ ಮಜಲಿ ಆದ್ರೂ ಅಡ್ಡಿಯಿಲ್ಲ,” ಎಂದೆ. ಅವನು ಅದನ್ನೇ ಬುಕ್ ಮಾಡಿದ. ನನ್ನ ಮಾತಿಗೆ ಬೆಲೆ ಇದೆಯಲ್ಲ ಎಂದು ಒಳಗೊಳಗೇ ಬೀಗಿದೆ.

ನೀನೂ ಬಾ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಿಜ. ಆದರೆ ನಮ್ಮಲ್ಲಿ ಮನೆಯವರನ್ನು ಹಾಗೆ ಕರೆಯುವ ರೂಢಿಯೇ ಇಲ್ಲ. ಎಲ್ಲರೂ ಹೊರಟರೆ ನಾವೂ ಹೊರಟ ಹಾಗೆ. ಊರಲ್ಲಿರುವ ತಂಗಿಗೆ ಫೋನ್ ಮಾಡಿ ಸಮುದ್ರ ನೋಡಲು ಹೊರಟಿದ್ದೇನೆಂದು ಡಂಗುರ ಸಾರಿದೆ. ಕಡಕ್ ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕುಟ್ಟಿದೆ. ಹೊರಡುವ ಹಿಂದಿನ ದಿನ ದೊಡ್ಡ ಸೂಟ್‌ಕೇಸಿನ ತಳದಲ್ಲಿ ನನ್ನ ಎರಡು ಸೀರೆ, ಗುಡ್ಡ ಹತ್ತಲು ಬೇಕಾದೀತೆಂದು ಮೊಣಕಾಲಿಗೆ ಹಾಕುವ ಪಟ್ಟಿ ಇಟ್ಟು, ಅದರ ಮೇಲೆ ರೊಟ್ಟಿಯ ಗಂಟು ಇಟ್ಟೆ. ಸೊಸೆ ಸೌಮ್ಯಾ ಆ ಗಂಟಿನ ಮೇಲೆ ಮಕ್ಕಳ ಬಟ್ಟೆ ತುಂಬಿದಳು. ಮಗ ಸಂಜೆಯೇ ಅದನ್ನು ಕಾರಿನ ಡಿಕ್ಕಿಗೆ ಹಾಕಿಬಿಟ್ಟ.

ರಾತ್ರಿ ಊಟಕ್ಕೆ ಕೂತಾಗ ಬೆಂಗಳೂರಿನವಳಾದ ಸೌಮ್ಯಾ ಹೇಳಿದಳು, “ಅತ್ತೆ, ಬೆಳಿಗ್ಗೆ ನಿಮ್ಮನ್ನ ಇಲ್ಲೇ ಕೊಲಿಂಡೇಲ್‌ನಲ್ಲಿ ನನ್ನ ಫ್ರೆಂಡ್ ಸುಜಾತಾ ಮನೇಲಿ ಬಿಟ್ಟು ಹೋಗ್ತೀವಿ. ಅವರಮ್ಮ ಮೈಸೂರಿಂದ ಬಂದಿದ್ದಾರೆ, ನಿಮಗೂ ಜೊತೆಯಾಗುತ್ತೆ. ಹೋಟೆಲಲ್ಲಿ ಲಿಫ್ಟ್ ಇಲ್ವಲ್ಲ, ನಿಮ್ಮ ಮೊಣಕಾಲಿಗೆ ಕಷ್ಟ. ಇವರು ಹೇಳಿರಬೇಕಲ್ಲ?”

ಇವರು ಹೇಳಿರಲಿಲ್ಲ. ಸೌಮ್ಯಾನೇ ಹೇಳಿರುತ್ತಾಳೆಂದು ಮಗ ಸುಮ್ಮನಿದ್ದ ಎಂಬುದು ಅವನ ಮುಖ ನೋಡಿದರೇ ತಿಳಿಯಿತು. ಆದರೂ, “ಹೇಳ್ಯಾನಲ್ಲ. ಆ ಥಂಡ್ಯಾಗ ನಾ ಬಂದು ಏನ್ ಮಾಡ್ಲಿ,” ಎಂದೆ.

ಆಮೇಲೆ ಸೂಟ್‌ಕೇಸ್ ನೆನಪಾಯಿತು. ಡಿಕ್ಕಿ ತೆಗೆಯೆಂದರೆ ಯಾಕೆಂದು ಕೇಳುತ್ತಾರೆ. ಏನೆಂದು ಹೇಳಲಿ? ಸುಮ್ಮನೆ ಬೇರೆ ಸೀರೆಗಳನ್ನು ಕೈಚೀಲಕ್ಕೆ ತುಂಬಿಕೊಂಡೆ. ಬೆಳಿಗ್ಗೆ ಕೊಲಿಂಡೇಲ್‌ನಲ್ಲಿ ಇಳಿದು, ನಗುನಗುತ್ತಲೇ ಅವರಿಗೆ ಕೈ ಬೀಸಿದೆ.

ಸಂಜೆ ಸುಜಾತಾಳ ತಾಯಿಯ ಜೊತೆ ಟಿವಿ ಮುಂದೆ ಕೂತಿದ್ದಾಗ ಪ್ರಶಾಂತನ ಫೋನ್ ಬಂತು. ನನಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಹಾಕಿಯೇ ಮಾತಾಡುವ ಚಾಳಿ.

“ಅವ್ವಾ, ನಿನ್ನ ಸೀರಿ ನಮ್ಮ ಸೂಟ್‌ಕೇಸ್‌ನ್ಯಾಗ ಬಂದಾವ.”

“ರೊಟ್ಟಿ ಮುರೀಬಾರ್ದಂತ ಕೆಳಗ ಹಾಸಿದ್ದೆ,” ಎಂದೆ.

“ಮೊಣಕಾಲ ಪಟ್ಟೀನೂ ಅದ, ಅವ್ವಾ,” ಎಂದ.

ನಾನೂ ಹೊರಟಿದ್ದೆನೆಂದು ಅವನಿಗೆ ತಿಳಿದುಹೋಗಿತ್ತು. ಸುಜಾತಾಳ ತಾಯಿ ರಿಮೋಟ್ ತೆಗೆದುಕೊಂಡು ಮೆಲ್ಲಗೆ ಟಿವಿಯ ಸದ್ದು ಜಾಸ್ತಿ ಮಾಡಿದರು. ನಮ್ಮ ಮಾತು ತಮ್ಮ ಕಿವಿಗೆ ಬೀಳದಿರಲೆಂದು ಮರ್ಯಾದೆಗಾಗಿ ಮಾಡಿದ್ದು, ಪಾಪ. ಆದರೆ ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಕೆಳಗಿನ ಖೋಲಿ ಕೇಳ್ತೀನಿ, ನಾಳೆ ಬಂದು ಕರಕೊಂಡು ಹೋಗ್ತೀನಿ,” ಎಂದ ಮಗ. “ಬ್ಯಾಡ. ಹುಡುಗರ ರಜಾ ಹಾಳಾಗ್ತದ,” ಎಂದು ಫೋನ್ ಇಟ್ಟೆ.

ಈ ವರ್ಷ ಮತ್ತೆ ಬಂದಿದ್ದೇನೆ. ಆ ಸಂಗತಿಯನ್ನು ಯಾರೂ ಎತ್ತುವುದಿಲ್ಲ. ಆದರೆ ಮಗ ಈಗ ಎಲ್ಲದಕ್ಕೂ ನನ್ನನ್ನು ಕರೆಯುತ್ತಾನೆ. “ಅವ್ವಾ, ಕೊತ್ತಂಬ್ರಿ ತರಾಕ ಹೊಂಟೀನಿ, ನೀನೂ ಬಾ.” “ಅವ್ವಾ, ಪಾರ್ಕಿಗೆ ಬರ್ತಿಯೇನು?” ಕರೆದಾಗಲೆಲ್ಲ ಹೋಗುತ್ತೇನೆ. ಅವನ ತಪ್ಪೇನೂ ಇಲ್ಲ, ಪ್ರೀತಿಯಿಂದಲೇ ಕರೆಯುತ್ತಾನೆ. ಆದರೂ ಪ್ರತಿ ಸಲ ಚಪ್ಪಲಿ ಮೆಟ್ಟುವಾಗ ಮುಖ ಬಿಸಿಯಾಗುತ್ತದೆ. ಮೊದಲು ಈ ಮನೆಯಲ್ಲಿ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಆಗ ನಾನು ಮನೆಯವಳೇ ಎಂದುಕೊಂಡಿದ್ದೆ.